ಗೋಡೆಯಿಂದ ಒಂದು ಗೇಣು

ಜನರಲ್ ಸಾಹೇಬರ ಮೇಲೆ ಯಾವ ಸಿಪಾಯಿಗೂ ಹೊಟ್ಟೆಕಿಚ್ಚು ಇರುವುದಿಲ್ಲ. ಅವರ ಕಾರು, ಅವರ ಬಂಗಲೆ, ಅವರ ನಾಯಿ ಎಲ್ಲವೂ ಬೇರೆ ಲೋಕದವು. ಹೊಟ್ಟೆಕಿಚ್ಚು ಪಡಬೇಕೆಂದರೆ ಆಸಾಮಿ ಹತ್ತಿರದವನಾಗಿರಬೇಕು. ನಮ್ಮ ಭಾಷೆಯನ್ನೇ ಆಡಬೇಕು, ಪಕ್ಕದ ಮಂಚದಲ್ಲೇ ಮಲಗಬೇಕು, ನಮ್ಮ ಹಲ್ಲುಪುಡಿಯನ್ನೇ ಕೇಳಿ ಇಸಿದುಕೊಂಡು ಹಲ್ಲುಜ್ಜಬೇಕು. ನನಗೆ ಅಂಥವನೊಬ್ಬ ಸಿಕ್ಕಿದ್ದ. ನಾನು ಕೊಟ್ಟೂರಿನವನು, ಅವನು ಗುಡೇಕೋಟೆಯವನು, ನಡುವೆ ಕೂಡ್ಲಿಗಿ. ಉತ್ತರ ದೇಶದ ಒಂದು ಮಿಲಿಟರಿ ಸರಬರಾಜು ಡಿಪೋದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಇದ್ದೆವು.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ಇಬ್ಬರದೂ ಉಗ್ರಾಣದ ಕೆಲಸ. ನಾನು ಅವನಿಗಿಂತ ಎರಡು ವರ್ಷ ಹಳಬ. ಅವನು ಬಂದ ಹೊಸದರಲ್ಲಿ ಪಟ್ಟಿ ಓದುವುದು, ಸಾಮಾನಿಗೆ ಚೀಟಿ ಅಂಟಿಸುವುದು, ಸುಬೇದಾರರು ಯಾವ ಹೊತ್ತಿನಲ್ಲಿ ಸಿಡುಕುತ್ತಾರೆ ಎಂಬುದು ಎಲ್ಲವನ್ನೂ ಕಲಿಸಿದವನು ನಾನು. ಅವನು ನನ್ನನ್ನು ‘ಅಣ್ಣಾ’ ಎನ್ನುತ್ತಿದ್ದ. ಆಗ ನನಗೆ ಅವನ ಮೇಲೆ ಪ್ರೀತಿಯೇ ಇತ್ತು. ಕಲಿಸುವಷ್ಟು ದಿನ ಪ್ರೀತಿ ಇರುತ್ತದೆ, ಅದೇನು ದೊಡ್ಡಸ್ತಿಕೆಯಲ್ಲ.

ನಮ್ಮದು ಕೊಟ್ಟೂರಿನಲ್ಲಿ ದಲ್ಲಾಳಿ ಅಂಗಡಿ. ಶೇಂಗಾ, ಜೋಳ, ಸಜ್ಜೆ. ನಾನು ಹುಟ್ಟಿದ್ದು, ಬೆಳೆದದ್ದು ಒಂದರ ಮೇಲೊಂದು ಒಟ್ಟಿದ ಚೀಲಗಳ ನಿಟ್ಟಿನ ನಡುವೆ. ಆ ಚೀಲದ ಧೂಳು ಸಾಕಾಗಿಯೇ ಮಿಲಿಟರಿ ಸೇರಿದೆ. ಸೇರಿದರೆ ಅಲ್ಲಿಯೂ ಚೀಲವೇ. ರಜೆಗೆ ಬಂದಾಗಲೆಲ್ಲ ಅಂಗಡಿಯ ಕಟ್ಟೆಯ ಮೇಲೆ ಕೂತ ನಮ್ಮಣ್ಣ ಬಂದವರ ಮುಂದೆ, “ಅಂಗಡಿ ಬ್ಯಾಡಂತ ಓಡಿ ಹೋದ ನೋಡ್ರಿ, ಅಲ್ಲೂ ಇವನ ಕೈಯಾಗ ಚೀಲಾನ ಹೊರಸ್ಯಾರ” ಎಂದು ನಗುತ್ತಿದ್ದ. ಆ ನಗುವಿಗೆ ಉತ್ತರ ಕೊಡಬೇಕು ಎಂಬುದು ನನ್ನ ಬಾಳಿನ ದೊಡ್ಡ ಆಸೆಯಾಗಿತ್ತು. ಉತ್ತರ ಏನೆಂದು ಮಾತ್ರ ಗೊತ್ತಿರಲಿಲ್ಲ.

ಉತ್ತರ ಬಂದದ್ದು ಕಬ್ಬಿಣದ ಪೆಟ್ಟಿಗೆಯ ರೂಪದಲ್ಲಿ. ಆ ವರ್ಷಗಳಲ್ಲಿ ನಮ್ಮ ತುಕಡಿಗಳು ಶಾಂತಿ ಕಾಯಲೆಂದು ಆಫ್ರಿಕಾದಂಥ ಪರದೇಶಗಳಿಗೆ ಹೋಗುತ್ತಿದ್ದವು. ಮೊದಲೆಲ್ಲ ಸಾಮಾನು ಬಿಡಿಬಿಡಿಯಾಗಿ, ಮರದ ಪೆಟ್ಟಿಗೆಗಳಲ್ಲಿ ಹಡಗು ಹತ್ತುತ್ತಿತ್ತು. ಕಳೆದದ್ದು ಎಷ್ಟೋ, ಒಡೆದದ್ದು ಎಷ್ಟೋ. ಇನ್ನು ಮೇಲೆ ಎಲ್ಲವೂ ಕಂಟೇನರಿನಲ್ಲೇ ಹೋಗಬೇಕು, ಆದೇಶ ಬಂದ ಮೂರನೆಯ ದಿನಕ್ಕೆ ಅವು ತುಂಬಿ, ಮೊಹರಾಗಿ, ಲಾರಿಯ ಮೇಲೆ ಕೂತಿರಬೇಕು ಎಂದು ಹೊಸ ಮೇಜರ್ ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹೇಳಿದರು. ಇಲ್ಲಿ ಮುಚ್ಚಿದ ಬಾಗಿಲು ಸಮುದ್ರ ದಾಟಿದ ಮೇಲೆಯೇ ತೆರೆಯುವುದು, ನಡುವೆ ನೆನಪಾದದ್ದನ್ನು ತುರುಕಲು ಯಾರ ಅಪ್ಪನಿಂದಲೂ ಆಗುವುದಿಲ್ಲ ಎಂದರು. ಕೊನೆಗೆ ಹೇಳಿದ ಮಾತು ನನ್ನ ಕಿವಿ ನೆಟ್ಟಗಾಗಿಸಿತು. ಪೆಟ್ಟಿಗೆಗಳ ಜೊತೆ ಉಗ್ರಾಣದವನೊಬ್ಬ ಹೋಗಬೇಕು. ನಮ್ಮ ಡಿಪೋದಿಂದ ಒಬ್ಬನೇ ಒಬ್ಬ. ಚೆನ್ನಾಗಿ ತುಂಬಿ ತೋರಿಸಿದವನು.

ಅಂದರೆ ನಾನು. ಚೀಲ ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವನು ಆ ಡಿಪೋದಲ್ಲಿ ಯಾರಿದ್ದ? ನಾನು ಆಗಲೇ ಮನಸ್ಸಿನಲ್ಲಿ ನಮ್ಮ ಅಂಗಡಿಯ ಕಟ್ಟೆಯ ಮುಂದೆ ನಿಂತು, ಆಫ್ರಿಕಾದಿಂದ ತಂದ ಯಾವುದೋ ಮರದ ಆನೆಯನ್ನು ಅಣ್ಣನ ತೊಡೆಯ ಮೇಲೆ ಇಟ್ಟಾಗಿತ್ತು.

ಅಭ್ಯಾಸಕ್ಕೆ ಎರಡು ಪೆಟ್ಟಿಗೆ ಕೊಟ್ಟರು, ಇಪ್ಪತ್ತು ಅಡಿಯವು. ಒಂದಕ್ಕೆ ನಾನು, ಒಂದಕ್ಕೆ ಗುಡೇಕೋಟೆಯವನು, ಇಬ್ಬರಿಗೂ ನಾಲ್ಕು ನಾಲ್ಕು ಆಳು, ಸಾಮಾನಿನ ಪಟ್ಟಿ ಒಂದೇ: ಒಂದು ಸಣ್ಣ ತುಕಡಿ ಬಯಲಿನಲ್ಲಿ ಇಳಿದು ಬದುಕಲು ಬೇಕಾದದ್ದು. ನಾನು ನಮ್ಮ ಅಂಗಡಿಯ ಪದ್ಧತಿಯಂತೆ ತುಂಬಿದೆ. ಗುಡಾರವೆಲ್ಲ ಒಂದು ಕಡೆ, ಗೂಟವೆಲ್ಲ ಒಂದು ಕಡೆ, ಹಿಟ್ಟು, ಬೇಳೆ, ಪಾತ್ರೆ, ಕಂಬಳಿ, ಸೋಪು, ಒಂದೊಂದೂ ತನ್ನ ತನ್ನ ನಿಟ್ಟಿನಲ್ಲಿ, ದಾರ ಹಿಡಿದು ಕಟ್ಟಿದ ಗೋಡೆಯಂತೆ. ಬಾಗಿಲಲ್ಲಿ ನಿಂತವನು ಕಣ್ಣಿನಿಂದಲೇ ಎಣಿಸಿಬಿಡಬಹುದಿತ್ತು. ಸುಬೇದಾರರು ನೋಡಿ ನನ್ನ ಬೆನ್ನು ತಟ್ಟಿದರು. ಪಕ್ಕದಲ್ಲಿ ಅವನ ಪೆಟ್ಟಿಗೆ ಸಂತೆ ಮುಗಿದ ಮೇಲಿನ ಚಕ್ಕಡಿಯಂತಿತ್ತು. ಹಿಟ್ಟಿನ ಚೀಲದ ಮಗ್ಗುಲಲ್ಲಿ ಗುಡಾರ, ಗುಡಾರದ ಮೇಲೆ ಬಾಣಲಿ, ಬಾಣಲಿಯೊಳಗೆ ಬೆಂಕಿಪೊಟ್ಟಣ. ನನಗೆ ಅವನ ಬಗ್ಗೆ ಮರುಕ ಹುಟ್ಟಿತು.

ಬಾಗಿಲು ಮುಚ್ಚಿ, ಮೊಹರು ಹಾಕಿ, ಎರಡು ದಿನ ಕಲ್ಲುದಾರಿಯಲ್ಲಿ ಲಾರಿಯ ಮೇಲೆ ಕುಲುಕಿಸಿ, ಒಂದು ಬಯಲಿನಲ್ಲಿ ತಂದು ಇಳಿಸಿದರು. ಸೂರ್ಯ ಮುಳುಗುವುದರೊಳಗೆ ಗುಡಾರ ನಿಲ್ಲಬೇಕು, ಊಟ ಬೇಯಬೇಕು. ನಾನು ಬಾಗಿಲು ತೆಗೆದೆ. ಎದುರಿಗೆ ಸೋಪಿನ ಗೋಡೆ. ಅದರ ಹಿಂದೆ ಕಂಬಳಿಯ ಗೋಡೆ. ಗುಡಾರಗಳು ಕಟ್ಟಕಡೆಯಲ್ಲಿ, ಗೂಟಗಳು ಬೇಳೆಯ ಹಿಂದೆ. ತೆಗೆದು ಹೊರಗಿಡು, ತೆಗೆದು ಹೊರಗಿಡು. ನಮ್ಮ ಸೋಪು, ಕಂಬಳಿಗಳೆಲ್ಲ ಬಯಲಲ್ಲಿ ಬಿದ್ದಿದ್ದವು, ಬೆಂಕಿಪೊಟ್ಟಣ ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಪಕ್ಕದಿಂದ ಚಹಾದ ವಾಸನೆ ಬಂತು. ಅವನ ಆಳುಗಳು ಬಾಗಿಲು ತೆಗೆದ ಕೂಡಲೇ ಕೈಗೆ ನೀರು, ಒಲೆ, ಬಾಣಲಿ ಸಿಕ್ಕಿದ್ದವು, ಅದರ ಹಿಂದೆ ಗುಡಾರ, ಗುಡಾರದೊಳಗೇ ಸುತ್ತಿಟ್ಟ ಗೂಟ. ಗುಡಾರ ಎದ್ದ ಮೇಲೆ ಹಿಟ್ಟು ಬೇಳೆ ಬಂದವು. ಕಂಬಳಿ ಕಟ್ಟಕಡೆಗೆ, ನಿದ್ದೆಯ ಹೊತ್ತಿಗೆ. ಅವನು ಎರಡು ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದ.

“ತಗೋ ಅಣ್ಣಾ, ನಿಮ್ಮೋರಿಗೂ ಕೊಡ್ತೀನಿ, ಬಾಳ ದಣದಾರ.”

ಕುಡಿದೆ. ಬೇಡ ಎನ್ನುವಷ್ಟು ತ್ರಾಣವೂ ಇರಲಿಲ್ಲ. ಮೇಜರ್ ಸಾಹೇಬರು ಅವನನ್ನು ಕರೆದು, ಹೀಗೆ ತುಂಬುವುದನ್ನು ಯಾರು ಕಲಿಸಿದರು ಎಂದು ಹಿಂದಿಯಲ್ಲಿ ಕೇಳಿದರು. ಅವನು ಅಟೆನ್ಷನ್ನಿನಲ್ಲಿ ನಿಂತು, ನಮ್ಮ ತಾಯಿ ಸಾಹೇಬ್, ನಾವು ಕುರಿ ಕಾಯುವವರು, ಕತ್ತೆಯ ಮೇಲೆ ಮನೆ ಹೇರಿಕೊಂಡು ಊರೂರು ತಿರುಗುವವರು ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮೇಜರ್ ಸಾಹೇಬರು ನಗಲಿಲ್ಲ. ಅವರು ಜೇಬಿನಿಂದ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಆ ಪೆನ್ನು ಕಾಗದದ ಮೇಲೆ ಓಡಿದ ಅಷ್ಟು ಹೊತ್ತಿನಲ್ಲಿ ನನ್ನ ಪ್ರೀತಿ ಮುಗಿಯಿತು.

ಆಮೇಲೆ ಅವನದೆಲ್ಲವೂ ನನ್ನ ಕಣ್ಣಿಗೆ ಚುಚ್ಚತೊಡಗಿತು. ತಲೆ ಇಟ್ಟ ಕೂಡಲೇ ಬರುವ ಅವನ ನಿದ್ದೆ, ಲಂಗರಿನ, ಅಂದರೆ ನಮ್ಮ ಊಟದ ಮನೆಯ, ಅಡುಗೆಯವನು ಅವನ ತಟ್ಟೆಗೆ ಹಾಕುವ ಹೆಚ್ಚಿನ ಚಪಾತಿ, ಬಿಸಿಲಿಗೆ ಬಾಡದ ಅವನ ಮುಖ. ನನ್ನ ಹಲ್ಲುಪುಡಿ ಮುಗಿದಿದೆ ಎಂದು ಸುಳ್ಳು ಹೇಳಿ ಅದನ್ನು ಟ್ರಂಕಿನಲ್ಲಿ ಬಚ್ಚಿಟ್ಟೆ. ಅವನು ಮಾರನೆಯ ದಿನ ಕ್ಯಾಂಟೀನಿನಿಂದ ಎರಡು ಡಬ್ಬಿ ತಂದು ಒಂದನ್ನು ನನ್ನ ತಲೆದಿಂಬಿನ ಹತ್ತಿರ ಇಟ್ಟ. ಇಂಥವನನ್ನು ಏನು ಮಾಡಬೇಕು ಹೇಳಿ.

ಇಬ್ಬರ ಹೆಸರೂ ಮೇಲಕ್ಕೆ ಹೋಗಿದ್ದವು. ಯಾರು ಹೋಗುವವರು ಎಂಬುದು ರಜೆ ಮುಗಿಸಿ ಬಂದ ಮೇಲೆ ತಿಳಿಯುತ್ತದೆ ಎಂದರು. ರಜೆಯೂ ಇಬ್ಬರಿಗೆ ಒಟ್ಟಿಗೇ. ರೈಲಿನಲ್ಲಿ ಅಷ್ಟು ದೂರ ಎದುರುಬದುರು ಕೂತು ಬಂದೆವು. ತಮ್ಮ ಕುರಿಗಳು ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ತಂಗುತ್ತ ಹಡಗಲಿ ದಾರಿ ಹಿಡಿದಿವೆ, ಅವ್ವ ಅಲ್ಲೇ ಇದ್ದಾಳೆ, ತಾನು ಮಾತ್ರ ಸೋದರಮಾವನ ಜೊತೆ ಹರಪನಹಳ್ಳಿ ಕಡೆ ಹೆಣ್ಣು ನೋಡಲು ಹೋಗಬೇಕು ಎಂದು ಹೇಳುತ್ತಲೇ ಇದ್ದ. ನಾನು ಕಿಟಕಿಯ ಹೊರಗೆ ನೋಡುತ್ತ ಎಲ್ಲವನ್ನೂ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಹೊಸಪೇಟೆಯಲ್ಲಿ ಅವನು ಕೂಡ್ಲಿಗಿ ಬಸ್ಸು ಹತ್ತಿದ, ನಾನು ಕೊಟ್ಟೂರಿನದು.

ಅಂಗಡಿಯಲ್ಲಿ ಅಣ್ಣ ತನ್ನ ಹಳೆಯ ಮಾತನ್ನೇ ಆಡಿದ. ಈ ಸಲ ನಾನು ಬಾಯಿ ತಪ್ಪಿ, “ಪರದೇಶಕ್ಕ ಹೊಂಟೀನಿ” ಎಂದುಬಿಟ್ಟೆ. ಅಣ್ಣ ಹುಬ್ಬೇರಿಸಿದ. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ ಮುಟ್ಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ ಅಪ್ಪ ನನಗೊಂದು ಹೊಸ ಬೆಚ್ಚನೆಯ ಶಾಲು ತಂದರು. ಆಫ್ರಿಕಾದಲ್ಲಿ ಶಾಲು ಯಾಕೆ ಎಂದು ನಾನು ಕೇಳಲಿಲ್ಲ. ಆ ಶಾಲು ನೋಡಿದಾಗಲೆಲ್ಲ ಗುಡೇಕೋಟೆಯವನ ಮುಖ ಎದುರು ಬರುತ್ತಿತ್ತು. ಮೂರನೆಯ ದಿನಕ್ಕೆ ತಡೆಯಲಾಗಲಿಲ್ಲ. ಅವನ ವಿದ್ಯೆ ಅವನ ಅವ್ವನದೇ ಆಗಿದ್ದರೆ ಅವಳನ್ನೇ ನೋಡಿ ಬರುತ್ತೇನೆ, ಡಿಪೋದಲ್ಲಿ ಇನ್ನೊಂದು ಪರೀಕ್ಷೆ ಇಟ್ಟರೆ ಉಪಯೋಗಕ್ಕೆ ಬಂದೀತು ಎಂದುಕೊಂಡು ಹಗರಿಬೊಮ್ಮನಹಳ್ಳಿಗೆ ಬಸ್ಸು ಹತ್ತಿದೆ. ಅಲ್ಲಿಂದ ಹಡಗಲಿ ಬಸ್ಸು. ಕಿಟಕಿಯಿಂದ ಕುರಿ ಕಂಡಲ್ಲೆಲ್ಲ ಕತ್ತು ಚಾಚಿ, ಕೊನೆಗೆ ಒಂದು ಜೋಳದ ಕೂಳೆ ಹೊಲದ ಬಳಿ ಇಳಿದೆ. ಕೇಳಿದರೆ ಅದೇ ಮಂದೆ. ಮಿಲಿಟರಿಯವನೊಬ್ಬ ಮತ್ತೊಬ್ಬ ಮಿಲಿಟರಿಯವನ ತಾಯಿಯ ಮೇಲೆ ಬೇಹುಗಾರಿಕೆಗೆ ಹೋದದ್ದು ಪ್ರಪಂಚದಲ್ಲಿ ಅದೊಂದೇ ಇರಬೇಕು.

ಅವರು ಆ ಹೊಲ ಬಿಟ್ಟು ಮುಂದಿನ ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರು. ಗಂಡಸರು ಕುರಿಗಳ ಹಿಂದಿದ್ದರು. ಸೊಂಟಕ್ಕೆ ಸೆರಗು ಬಿಗಿದ ಒಬ್ಬ ಎತ್ತರದ ಹೆಂಗಸು ಮೂರು ಕತ್ತೆಗಳ ನಡುವೆ ನಿಂತು ಹೇರುತ್ತಿದ್ದಳು. ನಾನು ಊರು ಹೇಳಿದೆ, ಡಿಪೋದ ಹೆಸರು ಹೇಳಿದೆ. ಅವಳ ಕೈ ನಿಂತಿತು.

“ನೀನೇನಪಾ ಕೊಟ್ಟೂರಿನಾವ? ನಮ್ಮುಡುಗ ಕಾಗದ ಬರದಾಗೆಲ್ಲ ನಿಂದಾ ಸುದ್ದಿ. ಅಣ್ಣ ಹಂಗ ಕಲಿಸಿದ, ಅಣ್ಣ ಹಿಂಗ ಹೇಳಿದ ಅಂತಾನ. ಕುಂಡ್ರಪಾ, ಕುಂಡ್ರು. ಅವ ಹೆಣ್ಣು ನೋಡಾಕ ಹೋಗ್ಯಾನ.”

“ಈ ಕಡೆ ಕೆಲಸಿತ್ತವ್ವಾ, ಹಂಗಾ ಬಂದೆ” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಆಮೇಲೆ ಅವಳ ಕೈಯನ್ನೇ ನೋಡುತ್ತ, ಯಾವುದನ್ನು ಮೊದಲು ಹೇರುತ್ತೀಯವ್ವಾ ಎಂದು ಮೆಲ್ಲಗೆ ಕೇಳಿದೆ.

ಅವಳಿಗೆ ಅದು ಹೇಳುವಂಥ ಮಾತೆಂದೇ ಅನಿಸಿರಲಿಲ್ಲ. “ಅದ್ರಾಗೇನೈತಿ? ಸಂಜಿಗೆ ಇಳದ ಕೂಡ್ಲೆ ಏನು ಬೇಕು? ನೀರು, ಒಲಿ ಹಚ್ಚಾಕ ಕಡ್ಡಿ. ಅದು ಎಲ್ಲಾದ್ರ ಮ್ಯಾಲ. ಅದರ ಬುಡಕ ಮರಿ ಕಟ್ಟಾಕ ಗೂಟ. ಅದರ ಬುಡಕ ಹಿಟ್ಟು. ಕೌದಿ ತಳದಾಗ. ಉಣ್ಣದ ಯಾರು ಮಕ್ಕೊಂತಾರ?” ಎಂದಳು. ಹಗ್ಗ ಬಿಗಿಯುತ್ತ ಮತ್ತೆ ಅಂದಳು: “ಮೂರು ಕತ್ತಿ ಅದಾವ, ಮೂರರ ಮ್ಯಾಲೂ ಉಪ್ಪು, ಹಿಟ್ಟು ಇರ್ತಾವ. ಒಂದು ದಾರಿ ತಪ್ಪಿ ಹೋತು ಅನ್ನು, ಉಳಿದಾವು ನಮ್ಮನ್ನ ಉಪಾಸ ಕೆಡವಬಾರದು.”

ಮೇಜರ್ ಸಾಹೇಬರು ಕರಿಹಲಗೆಯ ಮೇಲೆ ಒಂದು ಗಂಟೆ ಚಿತ್ರ ಬರೆದು ಹೇಳಿದರೂ ನನ್ನ ತಲೆಗೆ ಹತ್ತದ್ದನ್ನು ಈ ಹೆಂಗಸು ಹಗ್ಗದ ಒಂದು ಗಂಟು ಹಾಕುವುದರೊಳಗೆ ಹೇಳಿ ಮುಗಿಸಿದ್ದಳು. ನನಗೆ ಸಂತೋಷವಾಗಬೇಕಿತ್ತು, ಗುಟ್ಟು ಸಿಕ್ಕಿತ್ತು. ಆಗಿದ್ದು ಉರಿ. ನಮ್ಮ ಮನೆಯಲ್ಲಿ ಯಾರೂ ನನಗೆ ಹೀಗೆ, ತಮಗೇ ಗೊತ್ತಿಲ್ಲದಂತೆ, ಏನನ್ನೂ ಕಲಿಸಿರಲಿಲ್ಲ. ಅಪ್ಪ ಕಲಿಸಿದ್ದೆಲ್ಲ ಬೈದು ಕಲಿಸಿದ್ದು. ಅವನಿಗೆ ಇಂಥ ಅವ್ವ ಇದ್ದಾಳೆ, ಸಾಲದ್ದಕ್ಕೆ ಹಡಗಿನ ಪೆಟ್ಟಿಗೆಯೂ ಅವನಿಗೇ ಬೇಕೇ?

ಕಟ್ಟಿದ ಗಂಟನ್ನೇ ಬಿಚ್ಚಿ ಅವಳು ನನಗೆ ಸಜ್ಜೆ ರೊಟ್ಟಿ, ಹಸಿಮೆಣಸಿನಕಾಯಿ ಖಾರ, ಕಂಚಿನ ಬಟ್ಟಲಿನ ತುಂಬ ಕುರಿ ಹಾಲು ಕೊಟ್ಟಳು. ತಿನ್ನುವಾಗ ಎದುರು ಕೂತು ಒಂದು ಮಾತು ಹೇಳಿದಳು.

“ಸಮುದ್ರ ದಾಟಿ ಹೋಗಾದು ಐತಂತಲ್ಲ. ಅವಗ ಅಡವಿ ಗೊತ್ತು, ಗುಡ್ಡ ಗೊತ್ತು. ನೀರಿನ ದಾರಿ ನಮ್ಮ ಕುಲದಾಗ ಯಾರಿಗೂ ಗೊತ್ತಿಲ್ಲ. ನೀ ಓದಿದಾವ, ಹಿರ್ಯಾವ. ಎಲ್ಲೆರ ತಪ್ಪಿದ್ರ ಹೇಳಪಾ ಅವಗ.”

“ಹೂಂ” ಎಂದೆ. ಬಾಯಲ್ಲಿ ಅವಳದೇ ರೊಟ್ಟಿ ಇತ್ತು.

ಡಿಪೋಗೆ ಮರಳಿದಾಗ ಇನ್ನೊಂದು ಪರೀಕ್ಷೆಯೇನೂ ಇರಲಿಲ್ಲ. ಅವನ ಹೆಸರು ಫಲಕದ ಮೇಲೆ ಆಗಲೇ ಇತ್ತು. ಕಲಿತು ಬಂದ ವಿದ್ಯೆ ಕೈಯಲ್ಲೇ ಉಳಿಯಿತು. ಸುಬೇದಾರರು ನನ್ನನ್ನು ಕರೆದು, ನೀನು ಹಳಬ, ತುಂಬುವಾಗ ಅವನ ಜೊತೆಗಿರು ಎಂದು ಬಾಯಿಮಾತಿನಲ್ಲಿ ಹೇಳಿದರು. ಉರಿಯುವ ಗಾಯಕ್ಕೆ ಉಪ್ಪು ಸವರುವುದು ಅಂದರೆ ಅದೇ. ಅವನ ಪೆಟ್ಟಿಗೆಗೆ ನಾನು ಸಹಾಯಕ. ಮನೆಗೆ ಕಾಗದ ಬರೆಯುವ ಧೈರ್ಯವಾಗಲಿಲ್ಲ. ಶಾಲನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಆದೇಶ ಬಂದದ್ದು ಸೋಮವಾರ. ಬುಧವಾರ ಮಧ್ಯಾಹ್ನಕ್ಕೆ ಪೆಟ್ಟಿಗೆಗಳು ತುಂಬಿದ್ದವು. ಗುಡಾರ, ಪಾತ್ರೆ, ನೀರಿನ ಯಂತ್ರ ಎಲ್ಲ ಅವನ ಅವ್ವನ ಪದ್ಧತಿಯಲ್ಲಿ ಕುಂದಿಲ್ಲದಂತೆ ಕೂತಿದ್ದವು. ಆದರೆ ಈ ಸಲ ಒಂದು ಹೊಸದಿತ್ತು. ಮೊದಲ ಕೆಲವು ವಾರಗಳ ಊಟ ಇಲ್ಲಿಂದಲೇ ಹೋಗಬೇಕಾದ್ದರಿಂದ ಹಿಂಬದಿಯ ಅರ್ಧ ಭಾಗದಲ್ಲಿ ಗೋಧಿಹಿಟ್ಟು, ಅಕ್ಕಿ, ಬೇಳೆಯ ಚೀಲಗಳು. ಕೆಳಗೆ ಹಲಗೆ ಹಾಕಬೇಕು ಎಂದು ಕಾಗದದಲ್ಲಿತ್ತು, ಹಾಕಿದ್ದ. ಕುಲುಕಬಾರದೆಂದು ಚೀಲಗಳನ್ನು ಎರಡೂ ಕಡೆ ಕಬ್ಬಿಣದ ಗೋಡೆಗೆ ಒತ್ತಿ, ಮೇಲೆ ಚಾವಣಿಗೆ ತಾಗುವವರೆಗೆ ಬಿಗಿದಿದ್ದ. ಕತ್ತೆಯ ಬೆನ್ನಿನ ಮೇಲಾದರೆ ಅದೇ ಸರಿ. ಹೇರು ಸಡಿಲವಾಗಬಾರದು.

ನಮ್ಮ ಅಂಗಡಿಯ ಹಿಂದಿನ ಗೋದಾಮಿಗೆ ತಗಡಿನ ಗೋಡೆ, ತಗಡಿನ ಮಾಡು. ನಾನು ಒಂದು ಸಲ ಶೇಂಗಾ ಚೀಲವನ್ನು ಗೋಡೆಗೆ ತಾಗಿಸಿ ಇಟ್ಟದ್ದಕ್ಕೆ ಅಪ್ಪನಿಂದ ಏಟು ತಿಂದಿದ್ದೆ. ‘ತಗಡು ಬೆವರ್ತೈತಲೇ’ ಎಂದು ಅಪ್ಪ ನನ್ನ ಕೈಯನ್ನೇ ಹಿಡಿದು ಗೋಡೆಗೂ ಚೀಲಕ್ಕೂ ನಡುವೆ ಅಳೆದು ತೋರಿಸಿದ್ದರು: ಒಂದು ಗೇಣು. ಮೇಲೆ ಒಣ ಚಾಪೆ. ಹಗಲು ಕಾದು ಬೆಳಗಿನ ಜಾವ ತಣಿಯುವ ತಗಡಿನಿಂದ ಹನಿ ಹನಿಯಾಗಿ ಇಳಿಯುವ ನೀರನ್ನು ನಾನು ಎಷ್ಟೋ ಸಲ ನೋಡಿದ್ದೆ. ನಮ್ಮ ಒಣ ಸೀಮೆಯಲ್ಲೇ ಹಾಗಾದರೆ ಸಮುದ್ರದ ಮೇಲೆ ವಾರಗಟ್ಟಲೆ ಬಾಗಿಲು ಮುಚ್ಚಿ ಸಾಗುವ ಕಬ್ಬಿಣದ ಪೆಟ್ಟಿಗೆ ಎಷ್ಟು ಬೆವರೀತು? ಗುಡ್ಡದಲ್ಲಿ, ಬಯಲಿನಲ್ಲಿ, ಆಕಾಶದ ಕೆಳಗೆ ಬೆಳೆದವನಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಅಲ್ಲಿ ನಿಂತವರಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಅವನು ಬೆವರು ಒರೆಸಿಕೊಳ್ಳುತ್ತ ಬಂದ. “ಅಣ್ಣಾ, ಒಂದು ಸಲ ನೀ ನೋಡಿಬಿಡು. ಏನಾರ ಬಿಟ್ಟೀನೇನು?”

ನಾನು ಒಳಗೆ ಹೋದೆ. ಸಾಮಾನಿನ ನಡುವೆ ಬಿಟ್ಟ ಸಂದಿಯಲ್ಲಿ ತೂರಿ ಹಿಂದಿನವರೆಗೂ ಹೋದೆ. ಚೀಲದ ಮೇಲೆ ಕೈ ಇಟ್ಟೆ. ಚೀಲಕ್ಕೂ ಗೋಡೆಗೂ ನಡುವೆ ಉಗುರು ಹೋಗುವಷ್ಟೂ ಜಾಗವಿರಲಿಲ್ಲ. ಎಲ್ಲ ಹೊರತೆಗೆದು ಮತ್ತೆ ತುಂಬಲು ಅರ್ಧ ದಿನ ಸಾಕಿತ್ತು, ಆ ಅರ್ಧ ದಿನ ನಮ್ಮ ಕೈಯಲ್ಲಿತ್ತು. ಇದನ್ನು ಮರೆತೆ ಎಂದೋ, ಹೊಳೆಯಲಿಲ್ಲ ಎಂದೋ ಹೇಳಿದರೆ ಸುಳ್ಳಾಗುತ್ತದೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿದೆ. ನುಂಗುವಾಗ ಹಿತವಾಗಿಯೇ ಇತ್ತು.

ಹೊರಬಂದು, “ಎಲ್ಲಾ ಬರೋಬ್ಬರಿ ಐತಿ” ಎಂದೆ.

ಅವನು ಸಹಿ ಮಾಡಿದ. ತುಂಬಿದವರು ಎಂಬಲ್ಲಿ ಅವನದು, ಪರೀಕ್ಷಿಸಿದವರು ಎಂಬಲ್ಲಿ ಯಾರದೂ ಇಲ್ಲ. ಮೊಹರಿನ ತಂತಿಯನ್ನು ಇಕ್ಕಳದಿಂದ ಹಿಸುಕಿದಾಗ ಚಟ್ಟೆಂದಿತು. ಲಾರಿ ಹೊರಟಿತು. ತಾನು ಹೊರಡುವ ದಿನ ಅವನು ನನ್ನನ್ನು ತಬ್ಬಿಕೊಂಡು, ಅವ್ವನ ಕಡೆ ಹೋದರೆ ಆರಾಮಾಗಿ ಹೋದ ಎಂದು ಹೇಳು ಎಂದ.

ಎರಡು ತಿಂಗಳ ಮೇಲೆ ಕಾಗದ ಬಂತು. ಆ ಎರಡು ತಿಂಗಳು ನಾನು ಹೇಗಿದ್ದೆ ಎಂದರೆ, ಚೆನ್ನಾಗಿಯೇ ಇದ್ದೆ. ಬಂದ ಕಾಗದವನ್ನು ಮಾತ್ರ ಉಗ್ರಾಣದ ಹಿಂದೆ, ಯಾರೂ ಇಲ್ಲದ ಕಡೆ ಹೋಗಿ ಒಡೆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಅವನ ಅಕ್ಷರ ಸೊಟ್ಟ, ಮಾತು ನೇರ. ಗುಡಾರಗಳು ಒಂದೇ ಸಂಜೆಯಲ್ಲಿ ಎದ್ದವಂತೆ, ಬೇರೆ ದೇಶದವರೂ ಬಂದು ನೋಡಿದರಂತೆ. ಆಮೇಲೆ ಹಿಂಬದಿಯ ಚೀಲಗಳನ್ನು ತೆಗೆದರೆ ಗೋಡೆಯ ಕಡೆಯವೆಲ್ಲ ಬೂಷ್ಟು ಹಿಡಿದು ಗಟ್ಟಿಯಾಗಿದ್ದವಂತೆ, ಚಾವಣಿಯ ಕಡೆಯವು ಹಸಿರಾಗಿದ್ದವಂತೆ. ಮುಂದಿನ ಹಡಗು ಬರುವವರೆಗೆ ಇಡೀ ತುಕಡಿ ಒಂದೇ ಹೊತ್ತು ಹೊಟ್ಟೆ ತುಂಬ ಉಂಡದ್ದು. ಜ್ವರ ಬಂದು ಮಲಗಿದವರಿಗೆ ಗಂಜಿಗೂ ಅಳೆದು ಕೊಡಬೇಕಾಯಿತಂತೆ. ಅವನನ್ನು ಉಗ್ರಾಣದಿಂದ ತೆಗೆದು ಗೇಟಿನ ಕಾವಲಿಗೆ ಹಾಕಿದ್ದರು. ಬರಬೇಕಿದ್ದ ಬಡ್ತಿ ನಿಂತಿತ್ತು.

ಕೊನೆಯಲ್ಲಿ ಬರೆದಿದ್ದ: “ಮುಚ್ಚುವ ಮುಂಚೆ ಬೇರೆ ಯಾರು ನೋಡಿದ್ದರು ಅಂತ ಸಾಹೇಬರು ಕೇಳಿದರು. ನಾನೊಬ್ಬನೇ ಅಂದೆ. ನಿನ್ನ ಹೆಸರು ಬಂದಿದ್ದರೆ ನಿನಗೂ ಕಷ್ಟ ಆಗುತ್ತಿತ್ತು. ಕಬ್ಬಿಣ ನೀರು ಬಿಡುತ್ತದೆ ಅಂತ ನಮಗೇನು ಗೊತ್ತಣ್ಣಾ.”

ನಮಗೆ ಎಂದು ಬರೆದಿದ್ದ. ನಿನಗೂ ಗೊತ್ತಿರಲಿಲ್ಲ ಎಂದು ತನ್ನ ಮನಸ್ಸಿನಲ್ಲೇ ನನ್ನನ್ನು ಬಿಡುಗಡೆ ಮಾಡಿಬಿಟ್ಟಿದ್ದ. ಆ ಕಾಗದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ‘ಕ್ಷೇಮ’ ಎಂಬಲ್ಲಿಗೆ ಪೆನ್ನು ನಿಂತಿತು. ಉತ್ತರ ಹೋಗಲಿಲ್ಲ.

ಮುಂದಿನ ವರ್ಷ ಅಲ್ಲಿಗೆ ಹೊಸ ತುಕಡಿ ಹೋಗುವಾಗ ಉಗ್ರಾಣಕ್ಕೆ ನನ್ನನ್ನು ಆರಿಸಿದರು. ಆ ಜಾಗ ಹೇಗೆ ಖಾಲಿಯಾಯಿತು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹವಾಲ್ದಾರ್ ಬಡ್ತಿಯೂ ಅದರ ಜೊತೆಗೇ ಬಂತು. ಕೊಟ್ಟೂರಿಗೆ ತಂತಿ ಕಳಿಸಿದೆ. ಅಣ್ಣ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದನೆಂದು ಆಮೇಲೆ ತಿಳಿಯಿತು. ನಾನು ಪೆಟ್ಟಿಗೆ ತುಂಬಿದೆ. ಇಳಿದ ಕೂಡಲೇ ಬೇಕಾದದ್ದು ಬಾಗಿಲಿಗೆ, ಪ್ರತಿ ಪೆಟ್ಟಿಗೆಯಲ್ಲೂ ಅಷ್ಟಷ್ಟು ಹಿಟ್ಟು, ಉಪ್ಪು. ಚೀಲಗಳಿಗೂ ಗೋಡೆಗೂ ನಡುವೆ ಒಂದು ಗೇಣು, ಸರಿಯದಂತೆ ಅಲ್ಲಲ್ಲಿ ಬಿದಿರಿನ ತುಂಡು, ಮೇಲೆ ಒಣ ಚಾಪೆ. ಮೇಜರ್ ಸಾಹೇಬರು ಅದನ್ನು ಇಡೀ ಡಿಪೋಗೆ ಮಾದರಿ ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಪೆಟ್ಟಿಗೆಗಳು ಹಡಗಿನಲ್ಲಿ ಹೋದವು, ನಾವು ಆಮೇಲೆ ವಿಮಾನದಲ್ಲಿ. ಸಮುದ್ರವನ್ನು ನಾನು ಮೊದಲು ನೋಡಿದ್ದು ಅಲ್ಲಿನ ಬಂದರಿನಲ್ಲಿ. ನೋಡಿದೆ ಅಷ್ಟೇ. ಪೆಟ್ಟಿಗೆಗಳ ಜೊತೆ ಶಿಬಿರಕ್ಕೆ ಹೋದಾಗ ಗೇಟು ತೆಗೆದವನು ಅವನೇ. ಕಪ್ಪಾಗಿದ್ದ, ಇಳಿದಿದ್ದ. ನನ್ನ ತೋಳಿನ ಹೊಸ ಪಟ್ಟಿಯನ್ನು ನೋಡಿ, “ಚಲೋ ಆತು ಅಣ್ಣಾ” ಎಂದ. ಅದರಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ. ಕುಹಕವಿಲ್ಲದೆ ಹಾಗೆ ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಅಲ್ಲಿಯೂ, ಅವನ ಬಡ್ತಿ ನನ್ನ ತೋಳಿನ ಮೇಲಿರುವಾಗಲೂ, ನನಗೆ ಅವನ ಮೇಲೆ ಹೊಟ್ಟೆಕಿಚ್ಚೇ ಆಯಿತು.

ಅವನ ತುಕಡಿ ಊರಿಗೆ ಹೊರಡಲು ಇನ್ನೂ ನಾಲ್ಕು ದಿನವಿತ್ತು. ಇಳಿಸಲು ಆಳು ಸಾಲದೆಂದು ಅವನನ್ನೂ ಕರೆದರು. ಮುಂಬದಿಯ ಸಾಮಾನು ಇಳಿಯಿತು. ಹಿಂದೆ ಚೀಲಗಳು ಒಣಗಿ ಗರಿಗರಿಯಾಗಿದ್ದವು. ನಾವಿಬ್ಬರೇ ಒಳಗಿದ್ದೆವು. ಅವನು ಒಂದು ಚೀಲಕ್ಕೆ ಕೈ ಹಾಕಿದವನು ನಿಂತ. ಗೋಡೆಯ ಕಡೆ ನೋಡಿದ. ಹೆಬ್ಬೆರಳು, ಕಿರುಬೆರಳು ಅಗಲಿಸಿ ಅಂಗೈಯನ್ನು ಚೀಲಕ್ಕೂ ಕಬ್ಬಿಣಕ್ಕೂ ನಡುವೆ ಇಟ್ಟ. ಸರಿಯಾಗಿ ಕೂತಿತು. ತಲೆ ಎತ್ತಿ ಚಾಪೆ ನೋಡಿದ. ಬಿದಿರಿನ ತುಂಡು ಮುಟ್ಟಿದ.

“ಇದನ್ನ ಯಾರು ಕಲಿಸಿದ್ರು?”

ಮೇಜರ್ ಸಾಹೇಬರು ಎನ್ನಬಹುದಿತ್ತು. ನಿನ್ನ ಕಾಗದ ನೋಡಿ ಹೊಳೆಯಿತು ಎನ್ನಬಹುದಿತ್ತು, ಅವನು ನಂಬುತ್ತಿದ್ದ ಕೂಡ. ಆದರೆ ಅವನ ಅಂಗೈ ಇನ್ನೂ ಆ ಸಂದಿನಲ್ಲೇ ಇತ್ತು.

“ನಮ್ಮಪ್ಪ” ಎಂದೆ.

“ಯಾವಾಗ?”

“ಸಣ್ಣಾವ ಇದ್ದಾಗ. ಗೋದಾಮಿನಾಗ.”

ಅವನು ಕೈ ತೆಗೆದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಒದರುತ್ತಿದ್ದೆ, ಕೈ ಕೈ ಹತ್ತುತ್ತಿತ್ತು, ಯಾರಾದರೂ ಬಂದು ಬಿಡಿಸುತ್ತಿದ್ದರು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನನ್ನನ್ನು ನೋಡದೆ, ಮೆಲ್ಲಗೆ ಹೇಳಿದ.

“ಊರಿಗೆ ಹೋದ್ರ ನಮ್ಮವ್ವಗ ಹೇಳಬ್ಯಾಡ. ನೀ ರೊಟ್ಟಿ ಉಂಡು ಹೋಗಿದ್ದನ್ನ ಹೋದ ಹೋದ ಹೊಲದಾಗೆಲ್ಲ ಹೇಳ್ಕೊಂತ ತಿರಗ್ಯಾಳ. ನನ್ನ ಮಗನ್ನ ನೋಡ್ಕೊಳ್ಳಾಕ ಅಲ್ಲಿ ಒಬ್ಬ ಅಣ್ಣ ಅದಾನ ಅಂತ.”

ಅಷ್ಟು ಹೇಳಿ ಚೀಲದ ಒಂದು ತುದಿ ಹಿಡಿದ. ನಾನು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಕೂಡಿ ಅದನ್ನು ಹೊರಗೆ ಬಿಸಿಲಿಗೆ ತಂದೆವು.